ಚೋಮನ ನೆಲ, ಶಿವನ ನೆಲ

‘ಕಾಂತಾರ’ (2022) ಬಂದಾಗ ನಮ್ಮ ಕಚೇರಿಯ ಹಿಂದಿ ಮಿತ್ರರಿಗೆ ಅದರ ಗಳಿಕೆ ಬಾಯಿಪಾಠವಾಗಿತ್ತು. ದಿಲ್ಲಿಯ ಪತ್ರಿಕೆಗಳಲ್ಲಿ ನಾನು ಓದಿದ್ದೂ ಕೋಟಿಗಳ ಲೆಕ್ಕವೇ. ಕಥೆಯ ಬೇರು ಭೂಮಿಯ ತಕರಾರು ಎಂಬುದು ಮರೆಯಾಗಿತ್ತು.

ಅದೇ ಕರಾವಳಿಯ ಕಾರಂತರ ಕಾದಂಬರಿಯಿಂದ ಬಂದ ‘ಚೋಮನ ದುಡಿ’ಯಲ್ಲೂ (1975) ನೆಲದ ಆಸೆಯೇ ಕಥೆ. ಚೋಮನಾದ ವಾಸುದೇವರಾಯರಿಗೂ ಶಿವನಾದ ರಿಷಬ್ ಶೆಟ್ಟಿಯವರಿಗೂ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಂದಿದೆ. ಆದರೆ ಶಿವನ ಊರಿಗೆ ದೈವವೇ ನ್ಯಾಯ ಕೊಡಿಸುತ್ತದೆ. ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿದೆ; ಎರಡನೆಯದು ಇಂದಿಗೂ ನಿದ್ದೆ ಕೆಡಿಸುತ್ತದೆ.

‘ಕಾಂತಾರ’ವನ್ನು ಹಿಂದಿಯಲ್ಲಿ ನೋಡಿಬಂದ ಮಗಳು, “ಅಪ್ಪಾ, ಊರಲ್ಲಿ ನಮಗೂ ಭೂಮಿ ಇದೆಯಾ?” ಎಂದಳು. “ಇತ್ತು, ಮಾರಿದೆವು” ಎಂದೆ. “ಯಾಕೆ?” ಎಂದಳು. ಉತ್ತರ ಹೊಳೆಯಲಿಲ್ಲ.

ಸಂಘದಲ್ಲಿ ಒಂದು ಭಾನುವಾರ ಮಕ್ಕಳಿಗೆ ‘ಚೋಮನ ದುಡಿ’ ತೋರಿಸೋಣ, ಕನ್ನಡದಲ್ಲೇ.