ದೀಕ್ಷಾದಿಂದ ದೇವದುರ್ಗದ ತರಗತಿಗೆ

ಸರ್ಕಾರಿ ಶಾಲೆಯ ಪಠ್ಯಪುಸ್ತಕದಲ್ಲಿ ಈಗ ಪಾಠಗಳ ಜೊತೆಗೆ ಕ್ಯೂಆರ್ ಕೋಡ್ ಇರುತ್ತದೆ. ಮೊಬೈಲಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ವೇದಿಕೆಯಲ್ಲಿ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ಸಿಗುತ್ತವೆ. ಟ್ಯೂಷನ್ನಿಗೆ ದುಡ್ಡು ಕೊಡಲಾಗದ ಮನೆಯ ಮಗುವೂ ತಿಳಿಯದ ಪಾಠವನ್ನು ಮತ್ತೆ ಮತ್ತೆ ನೋಡಬಹುದು. ಈ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದು ಫಲ ಕೊಡುತ್ತಿದೆಯೇ ಎಂಬುದನ್ನು ರಾಯಚೂರಿನ ಓಣಿಯಲ್ಲಿ, ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ನಿಂತು ನೋಡಬೇಕು.

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ಕ್ಕಿಂತ ಕೆಳಗಿತ್ತು. ರಾಜ್ಯದ್ದು ಶೇ 75 ದಾಟಿತ್ತು. ಇಲ್ಲಿ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿಯುತ್ತಿರುವವರು. ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೂ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ, ಇಲ್ಲವೇ ಅವನೊಂದಿಗೆ ಬೆಂಗಳೂರಿಗೆ ಗುಳೆ ಹೋಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಮಗುವೇ ಶಾಲೆ ಬಿಟ್ಟು ಹೊಲದಲ್ಲಿರುತ್ತದೆ. ಕೋಡ್ ಅಚ್ಚಾದ ಪುಸ್ತಕ, ಅದನ್ನು ತೆರೆಯುವ ಫೋನು, ಬಿಡುವಿರುವ ಮಗು ಮೂರೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವುದು ಅಪರೂಪ. ವೇದಿಕೆ ಕಟ್ಟಿದವರು ಗಮನಿಸಬೇಕಿದ್ದ ಮೊದಲ ಸಂಗತಿ ಇದು.

ಎರಡನೆಯದು ಮಾತು. ಇಲ್ಲಿನ ಮಕ್ಕಳಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಮನೆಮಾತಾದ ಮಕ್ಕಳದೂ ರಾಯಚೂರು ಸೀಮೆಯ ಕನ್ನಡ. ವಿಡಿಯೊದ ಗ್ರಾಂಥಿಕ ಕನ್ನಡ ಇವರೆಲ್ಲರಿಗೂ ಒಂದಿಷ್ಟು ದೂರವೇ. ಆ ದೂರವನ್ನು ಕಳೆಯುವವರು ಮಾಸ್ತರು. ನೀರಾವರಿಯ ವಿಡಿಯೊವನ್ನು ನಡುವೆ ನಿಲ್ಲಿಸಿ, 'ನಮ್ಮೂರ ಕಾಲುವಿಗೆ ನೀರು ಎಲ್ಲಿಂದ ಬರ್ತದ?' ಎಂದು ಕೇಳಿದರೆ ಸಾಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿಯ ಮಗು ಪಾಠವನ್ನು ತನ್ನದಾಗಿಸಿಕೊಳ್ಳುತ್ತದೆ. ಮೇಲಿನ ಊರುಗಳಿಗೆ ಸಿಕ್ಕ ನೀರು ತಮ್ಮ ಹೊಲದ ತನಕ ಯಾಕೆ ಬರುವುದಿಲ್ಲ ಎಂದು ಅದು ತಿರುಗಿ ಕೇಳುತ್ತದೆ. ಭೂಗೋಳ, ಗಣಿತ, ನ್ಯಾಯ ಮೂರೂ ಆ ಪ್ರಶ್ನೆಯೊಳಗಿವೆ. ವಿಡಿಯೊ ಅಲ್ಲಿಗೆ ದಾರಿ ಮಾಡಿಕೊಡಬಲ್ಲದು. ಕರೆದೊಯ್ಯಲು ಮನುಷ್ಯರೇ ಬೇಕು.

ಇದನ್ನು ಅರಿತು ರೂಪಿಸಿದ ಪ್ರಯೋಗವೊಂದು ನಮ್ಮ ರಾಜ್ಯದಲ್ಲೇ ನಡೆದಿದೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಬಂದ ವಿದ್ಯಾಗಮ, ಯಾವ ಮಗುವಿನ ಮನೆಯಲ್ಲಿ ಇಂಟರ್ನೆಟ್ ಇರುವ ಫೋನಿದೆ, ಯಾರ ಮನೆಯಲ್ಲಿ ಬರೀ ಮಾತಾಡುವ ಫೋನಿದೆ, ಯಾರಲ್ಲಿ ಯಾವುದೂ ಇಲ್ಲ ಎಂದು ಮೊದಲು ವಿಂಗಡಿಸಿತು. ಆಮೇಲೆ ಶಿಕ್ಷಕರನ್ನು ಗುಡಿಕಟ್ಟೆಗೆ, ಮರದ ನೆರಳಿಗೆ, ಮಕ್ಕಳಿದ್ದಲ್ಲಿಗೇ ಕಳಿಸಿತು. ಅದೇ ಹೊತ್ತಿಗೆ ದೂರದರ್ಶನದ ಚಂದನದಲ್ಲಿ ಸಂವೇದ ಪಾಠಗಳು ಬಂದವು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ವಿದ್ಯಾಗಮವನ್ನು ನಿಲ್ಲಿಸಬೇಕಾಯಿತು. ಮಕ್ಕಳು, ಶಿಕ್ಷಕರ ಸುರಕ್ಷತೆಯ ವಿಷಯದಲ್ಲಿ ಅದರ ದೌರ್ಬಲ್ಯ ನಿಜ. ಆದರೂ ಮಗುವಿನ ಸ್ಥಿತಿಯನ್ನು ಮೊದಲು ಅರಿತು ಸಾಧನವನ್ನು ಆಮೇಲೆ ಆರಿಸುವ ಆ ಕ್ರಮ ದೀಕ್ಷಾದಲ್ಲಿ ನನಗೆ ಕಾಣುವುದಿಲ್ಲ.

ನಿತ್ಯಜೀವನದಲ್ಲಿ ತಂತ್ರಜ್ಞಾನ ಇಲ್ಲಿಗೆ ಬರುವುದು ಹೆಚ್ಚಾಗಿ ಲೆಕ್ಕ ಕೇಳಲು. ಉದ್ಯೋಗ ಖಾತ್ರಿಯ ಕೂಲಿ ಸಿಗಬೇಕಾದರೆ ತಾಯಿಯ ಫೋಟೊ ಆ್ಯಪ್‌ಗೆ ಏರಬೇಕೆಂಬ ನಿಯಮವನ್ನು 2023ರ ಆರಂಭದಲ್ಲಿ ಕಡ್ಡಾಯ ಮಾಡಲಾಯಿತು. ಸಿಗ್ನಲ್ ಕೈಕೊಟ್ಟರೆ ದುಡಿದ ದಿನದ ಕೂಲಿಯೇ ಪ್ರಶ್ನೆಯಾಗುತ್ತದೆ. ಶಾಲೆಯಲ್ಲಿ ಮಕ್ಕಳ ವಿವರ ಎಸ್‌ಎಟಿಎಸ್ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆಗೆ, ಬಿಸಿಯೂಟದ ಸಂಖ್ಯೆ ಇನ್ನೊಂದು ಕಡೆಗೆ ಹೋಗಬೇಕು. ಪಾಠಕ್ಕೆ ಮೀಸಲಾದ ಹೊತ್ತು ಮಾಹಿತಿ ತುಂಬುವುದರಲ್ಲಿ ಹೋಗುತ್ತದೆ. ಹಳ್ಳಿಯಿಂದ ಮೇಲಕ್ಕೆ ಹೋಗುವ ಅಂಕಿಅಂಶಕ್ಕೆ ತೋರುವ ಅವಸರವನ್ನು ಮೇಲಿನಿಂದ ಮಗುವಿಗೆ ಬರಬೇಕಾದ ಅರಿವಿಗೂ ತೋರಬೇಕಲ್ಲವೇ?

ಮೊಬೈಲ್ ಬಳಸುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ದೇಶದ ಗ್ರಾಮೀಣ ಭಾಗಗಳಲ್ಲಿ ನಡೆದ 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯಲ್ಲಿ 14ರಿಂದ 16 ವಯಸ್ಸಿನ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಸಮೀಕ್ಷೆಯ ಹಿಂದಿನ ವಾರ ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76, ಕಲಿಕೆಗೆ ಬಳಸಿದವರು ಶೇ 57. ಯಾವುದನ್ನು ನಂಬಬೇಕು, ಯಾವಾಗ ಫೋನ್ ಕೆಳಗಿಡಬೇಕು ಎಂಬ ವಿವೇಕ ಮಾತ್ರ ತಾನಾಗಿ ಬರುವುದಿಲ್ಲ. ಅದನ್ನು ಕಲಿಸುವುದು ಶಾಲೆಯ ಕೆಲಸ.

ಹಾಗಾಗಿ ನನ್ನ ಬೇಡಿಕೆಗಳು ಸರಳ. ದೀಕ್ಷಾದ ಪಾಠಗಳು ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಪ್ರತಿ ಶಾಲೆಯಲ್ಲಿರಲಿ. ಇಲ್ಲಿನ ಶಿಕ್ಷಕರು ಇಲ್ಲಿನ ಕನ್ನಡದಲ್ಲಿ ಪಾಠ ತಯಾರಿಸಲಿ. 2019ರಲ್ಲಿ ಆರಂಭವಾದ ರಾಯಚೂರಿನ ಐಐಐಟಿ ಅವರಿಗೆ ನೆರವಾಗಲಿ. ಮಾಹಿತಿ ತುಂಬುವ ಕೆಲಸಕ್ಕೆ ಬೇರೆ ಸಿಬ್ಬಂದಿಯನ್ನು ಕೊಡಲಿ. ಗುಳೆ ಹೋಗಿ ಬಂದ ಮಗು ಬಿಟ್ಟ ಪಾಠವನ್ನು ತಿರುಗಿ ಹಿಡಿಯಲು ಸಹಾಯವಾದರೆ ಆ ತಂತ್ರಜ್ಞಾನ ಗೆದ್ದಂತೆ. ಎಷ್ಟು ಸಲ ಡೌನ್‌ಲೋಡ್ ಆಯಿತು ಎಂಬ ಲೆಕ್ಕ ಆ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ.