ರಜ್ಜುಸರ್ಪವೂ ಜನಾಭಿಪ್ರಾಯವೂ

ಅಮೆರಿಕದ ಪತ್ರಿಕಾಲೇಖಕನಾದ ವಾಲ್ಟರ್ ಲಿಪ್‌ಮನ್ನನು 1922ರಲ್ಲಿ ಪ್ರಕಟಿಸಿದ ‘ಪಬ್ಲಿಕ್ ಒಪಿನಿಯನ್’ ಎಂಬ ಗ್ರಂಥವು ಜನಾಭಿಪ್ರಾಯದ ವಿಚಾರದಲ್ಲಿ ಇಂದಿಗೂ ಆಧಾರವೆನಿಸಿದೆ. ಅದರ ಗುಣವೂ ಮಿತಿಯೂ ವಿಮರ್ಶಾರ್ಹವಾಗಿವೆ.

ಗ್ರಂಥಾರಂಭದಲ್ಲಿ ಒಂದು ದ್ವೀಪದ ವೃತ್ತಾಂತವಿದೆ. ಅಲ್ಲಿ ಕೆಲವು ಇಂಗ್ಲಿಷರೂ ಫ್ರೆಂಚರೂ ಜರ್ಮನರೂ ಒಟ್ಟಿಗೆ ವಾಸವಾಗಿದ್ದರು. ಟಪಾಲು ಹಡಗು 60 ದಿನಗಳಿಗೊಮ್ಮೆ ಬರುತ್ತಿತ್ತು. ತಮ್ಮ ದೇಶಗಳು ಆರು ವಾರಗಳಿಂದ ಯುದ್ಧಮಾಡುತ್ತಿವೆಯೆಂಬುದು ಅವರಿಗೆ ತಿಳಿದುದು 1914ರ ಸೆಪ್ಟೆಂಬರಿನಲ್ಲಿ. ಅದುವರೆಗೆ ಶತ್ರುಗಳು ಮಿತ್ರರಾಗಿಯೇ ಇದ್ದರು. ಮನುಷ್ಯನ ನಡತೆಯು ಅವನ ಚಿತ್ತದಲ್ಲಿರುವ ಲೋಕಚಿತ್ರವನ್ನು ಅನುಸರಿಸುವುದೆಂಬುದು ಇದರ ತಾತ್ಪರ್ಯ. ಅಚ್ಚುಕೂಟದ ‘ಸ್ಟೀರಿಯೊಟೈಪ್’ ಎಂಬ ಶಬ್ದವನ್ನು ಗ್ರಂಥಕರ್ತನು ಮನಸ್ಸಿಗೆ ಅನ್ವಯಿಸಿ, ಪೂರ್ವಗ್ರಹವೆಂಬ ಎರಕದ ಅಚ್ಚು ನಮ್ಮ ನೋಟಕ್ಕಿಂತ ಮುಂಚಿತವಾಗಿಯೇ ಸಿದ್ಧವಾಗಿರುವುದೆಂದು ತೋರಿಸಿದನು.

ರಜ್ಜುಸರ್ಪದೃಷ್ಟಾಂತವನ್ನು ಬಲ್ಲವರಿಗೆ ಇದು ಅಪೂರ್ವವೆನಿಸದು. ಆದರೆ ವೇದಾಂತಿಯ ಹಗ್ಗವು ಕಣ್ಣೆದುರಿಗಿದೆ. ದೀಪ ತಂದರೆ ಭ್ರಾಂತಿ ನಿವೃತ್ತಿಯಾಗುವುದು. ಲಿಪ್‌ಮನ್ನನ ಹಗ್ಗವು ಸಮುದ್ರದಾಚೆಗಿದೆ. ದೀಪವು ಪತ್ರಿಕೆಯವರ ಕೈಯಲ್ಲಿದೆ. ಆ ದೀಪವನ್ನೂ ಅವನು ಪರೀಕ್ಷಿಸಿದ್ದನು. 1920ರಲ್ಲಿ ಚಾರ್ಲ್ಸ್ ಮರ್ಜ್ ಎಂಬಾತನೊಡನೆ ರಷ್ಯದ ಕ್ರಾಂತಿಯನ್ನು ಕುರಿತ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಗಳನ್ನು ಶೋಧಿಸಲು, ಎರಡು ವರ್ಷಗಳಲ್ಲಿ 91 ಸಲ ಸೋವಿಯತ್ ಸರಕಾರವು ಬಿದ್ದಿತು ಅಥವಾ ಬೀಳಲಿದೆ ಎಂದು ಬರೆದಿದ್ದುದು ಕಂಡುಬಂದಿತು. ಬರೆದವರ ಆಶೆ ಭಯಗಳೇ ವಾರ್ತೆಯ ವೇಷ ತಳೆದಿದ್ದುವು.

ಇದಕ್ಕೆ ಅವನು ಸೂಚಿಸಿದ ಪರಿಹಾರವು ತಜ್ಞರ ಮಂಡಲಿಗಳು. ಗ್ರಂಥದ ದೌರ್ಬಲ್ಯವಿರುವುದು ಇಲ್ಲಿಯೇ. ತಜ್ಞನ ಮನಸ್ಸಿಗೆ ಅಚ್ಚುಗಳಿಲ್ಲವೇ? ಉತ್ತರವನ್ನು ಗ್ರಂಥಕರ್ತನ ಲೇಖನಿಯೇ ಕೊಟ್ಟಿತು. 1942ರ ಫೆಬ್ರವರಿ 12ರಂದು ಅವನು ಅಮೆರಿಕದ ಪಶ್ಚಿಮ ತೀರದಲ್ಲಿ ಒಳಶತ್ರುಗಳಿರುವರೆಂಬ ಭಯವನ್ನು ಪ್ರಕಟಿಸಿ, ಯಾವ ವಿಧ್ವಂಸಕ ಕೃತ್ಯವೂ ನಡೆಯದಿರುವುದೇ ಒಳಸಂಚು ಬಲವಾಗಿರುವುದಕ್ಕೆ ಚಿಹ್ನೆಯೆಂದು ವಾದಿಸಿದನು. ಮೀಮಾಂಸಕರು ಅನುಪಲಬ್ಧಿಯನ್ನು ಅಭಾವಕ್ಕೆ ಪ್ರಮಾಣವೆನ್ನುವರು. ಇವನು ಅದನ್ನು ಭಾವಕ್ಕೆ ಪ್ರಮಾಣವಾಗಿಸಿದನು. ಒಂದು ವಾರದೊಳಗೆ ರೂಸ್‌ವೆಲ್ಟನ ಆಜ್ಞೆ ಹೊರಟಿತು. ಸುಮಾರು 1,20,000 ಮಂದಿ ಜಪಾನೀ ಮೂಲದವರು ಮನೆಮಠಗಳಿಂದ ಶಿಬಿರಗಳಿಗೆ ಸಾಗಿಸಲ್ಪಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಇದಕ್ಕೆ ಜನಾಂಗದ್ವೇಷವೂ ಯುದ್ಧೋನ್ಮಾದವೂ ನಾಯಕರ ವೈಫಲ್ಯವೂ ಕಾರಣವೆಂದು 1983ರಲ್ಲಿ ಅಲ್ಲಿಯ ವಿಚಾರಣಾ ಆಯೋಗವು ನಿರ್ಣಯಿಸಿತು. 1988ರಲ್ಲಿ ಸರಕಾರವು ಕ್ಷಮೆ ಬೇಡಿತು.

ಇಷ್ಟರಿಂದ ಗ್ರಂಥವು ತ್ಯಾಜ್ಯವಾಗದು. ಭ್ರಾಂತಿಯ ಲಕ್ಷಣವನ್ನು ಬರೆದಾತನೂ ಭ್ರಾಂತಿಗೆ ಒಳಗಾಗುವನೆಂಬುದೇ ಅದರ ಸಿದ್ಧಾಂತಕ್ಕೆ ದೊರೆತ ಅತ್ಯಂತ ಕಠೋರವಾದ ಸಮರ್ಥನೆ. ಆದುದರಿಂದ ದೀಪವು ಒಬ್ಬನ ಕೈಯಲ್ಲೇ ಇರಕೂಡದು. ಯಾರನ್ನು ಹಾವೆಂದು ಕರೆಯುತ್ತೇವೆಯೋ ಅವರಿಗೂ ಸಭೆಯಲ್ಲಿ ಮಾತಿಗೆ ಅವಕಾಶವಿರಬೇಕು.