ಜರಡಿ ಅಳೆಯುವುದು ಏನನ್ನು?

ಪೊಟ್ಟಣದ ಮೇಲೆ ‘ಪ್ಲಾಂಟೇಷನ್ ಎಎ’ ಎಂದು ಕಂಡೊಡನೆ ಅದೇ ಅತ್ಯುತ್ತಮ ಕಾಫಿ ಎಂದು ನೀವು ಭಾವಿಸುತ್ತೀರಲ್ಲವೆ? ನಮ್ಮ ದೇಶದಲ್ಲಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ ಬೀಜ ‘ಪ್ಲಾಂಟೇಷನ್’. ಹಣ್ಣನ್ನು ಇಡಿಯಾಗಿ ಒಣಗಿಸಿ ಪಡೆದದ್ದು ‘ಚೆರ್ರಿ’. ಇವು ಸಂಸ್ಕರಣೆಯ ಹೆಸರುಗಳು. ಆದರೆ ‘ಎಎ’, ‘ಎ’, ‘ಬಿ’ ಎಂಬ ಅಕ್ಷರಗಳನ್ನು ಮುಖ್ಯವಾಗಿ ನಿರ್ಧರಿಸುವುದು ಜರಡಿಯ ಕಣ್ಣು: ಕ್ರಮವಾಗಿ 7.10, 6.65, 6.00 ಮಿಲಿಮೀಟರ್. ಉದ್ದನೆಯ ಬೀಜವೂ ನೆಟ್ಟಗೆ ನಿಂತರೆ ತೂರಿಹೋಗುತ್ತದೆ. ಹಾಗಾಗಿ ಜರಡಿ ಅಳೆಯುವುದು ಬೀಜದ ಅಗಲವನ್ನು, ರುಚಿಯನ್ನಲ್ಲ. ಸಮಗಾತ್ರದ ಬೀಜಗಳನ್ನು ಒಂದೇ ಹದಕ್ಕೆ ಹುರಿಯಬಹುದು; ಈ ವಿಂಗಡಣೆಯ ನಿಜವಾದ ಪ್ರಯೋಜನ ಅದು. ಅಕ್ಷರವನ್ನು ಪರೀಕ್ಷೆಯ ದರ್ಜೆಯಂತೆ ಓದುವುದು ತಪ್ಪು. ಯಾವುದೇ ವರ್ಗೀಕರಣವನ್ನು ಕಲಿಸುವಾಗ ಮೊದಲು ಕೇಳಿ: ಇಲ್ಲಿ ಅಳೆದದ್ದು ಯಾವ ಗುಣವನ್ನು?